ಗಾದಿ ಗೋಡೆಯ ಕ್ಲಾಸು

ಕಾಲೇಜಿನಿಂದ ಫೋನು ಬಂದಾಗ ನೂರೀನ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಮಾಳಿಗೆಯ ಮೇಲಿದ್ದ ಫೋನು ಎತ್ತಿದ್ದು ಅವಳ ತಾಯಿ ರಹಿಮತಬಿ. ಆ ಕಡೆ ಮಾತಾಡಿದವರು ದೇವೇಂದ್ರಪ್ಪ ಸರ್. ಗದಗಿನ ಬಿ.ಇಡಿ. ಕಾಲೇಜಿನಲ್ಲಿ ಗಣಿತ ಕಲಿಸುವುದು ಹೇಗೆಂದು ನೂರೀನಳಿಗೆ ಹೇಳಿಕೊಡುವವರು. ಎರಡನೇ ಸಲದ ಲಾಕ್‌ಡೌನಿಗೆ ಕಾಲೇಜಿನ ಬಾಗಿಲು ಮುಚ್ಚಿ, ಕ್ಲಾಸುಗಳೆಲ್ಲ ಫೋನಿಗೆ ಬಂದ ಹೊಸತು.

"ನೂರೀನಳ ತಾಯ್ಯಾರೇನ್ರಿ? ನಮಸ್ಕಾರ್ರಿ. ಎಲ್ಲಾರೂ ಆರಾಮ ಅದೀರಿ?"

"ಆರಾಮ ಅದೇವ್ರಿ ಸಾಹೇಬ್ರ. ನಿಮ್ಮ ಮನ್ಯಾಗ?"

"ನಾವೂ ಆರಾಮ್ರಿ. ಮತ್ತ ನಿಮ್ಮ ಮಗಳಿಗೆ ಕ್ಲಾಸ ಕೇಳಾಕ ಫೋನು, ನೆಟ್‌ವರ್ಕು, ಗದ್ದಲಿಲ್ಲದ ಒಂದೀಟು ಜಾಗಾ, ಎಲ್ಲಾ ಅನುಕೂಲ ಐತೇನ್ರಿ?"

"ಎಲ್ಲಾ ಐತ್ರಿ. ಏನೂ ಕಡಿಮಿ ಇಲ್ರಿ."

"ಚಲೋ ಆತು ಬಿಡ್ರಿ. ಇಡತೇನ್ರಿ."

ರಹಿಮತಬಿ ಬೇಕೆಂದು ಸುಳ್ಳು ಹೇಳಿದವಳಲ್ಲ. ಲಕ್ಷ್ಮೇಶ್ವರದ ಕಡೆ, ಹೊರಗಿನ ದೊಡ್ಡ ಮನುಷ್ಯರು ಮನೆಯ ಯೋಗಕ್ಷೇಮ ಕೇಳಿದರೆ ಆರಾಮ ಎನ್ನಬೇಕು. ಗಂಡ ಜ್ವರ ಬಂದು ಮಲಗಿದ್ದರೂ ಬಾಗಿಲಿಗೆ ಬಂದವರಿಗೆ ಮೊದಲು ಆರಾಮ ಎಂದು ಹೇಳಿ, ಕೂರಿಸಿ, ಚಹಾ ಕೊಟ್ಟು, ಅರ್ಧ ಲೋಟ ಖಾಲಿಯಾದ ಮೇಲೆ "ಯಾಕೋ ಇವ್ರಿಗೆ ಮೈ ಬೆಚ್ಚಗ ಆಗೈತ್ರಿ" ಎನ್ನುವುದು ರೂಢಿ. ಫೋನಿನಲ್ಲಿ ಚಹಾ ಕೊಡುವ ಹೊತ್ತು ಬರುವುದಿಲ್ಲ. ಹಾಗಾಗಿ ಎರಡನೆಯ ಮಾತು ರಹಿಮತಬಿಯ ಬಾಯಲ್ಲೇ ಉಳಿಯಿತು.

ಅದರ ಫಲ ಆಮೇಲೆ ಗೊತ್ತಾಯಿತು. ಬಿ.ಇಡಿ. ಮುಗಿಸುವವರು ಕೊನೆಗೊಂದು ಪಾಠ ಮಾಡಿ ತೋರಿಸಬೇಕು. ಆ ಅಂಕ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಒಂದು ವರ್ಷ ಹೋಯಿತೆಂದೇ ಲೆಕ್ಕ. ಅನುಕೂಲವಿಲ್ಲ ಎಂದವರು ಕಾಲೇಜು ತೆರೆದ ಮೇಲೆ ಬಂದು ಪಾಠ ಮಾಡಲಿ, ಎಲ್ಲಾ ಇದೆ ಎಂದವರು ಈಗಲೇ ಫೋನಿನಲ್ಲಿ ಮಾಡಿ ಮುಗಿಸಲಿ ಎಂದು ಕಾಲೇಜಿನವರು ಗೊತ್ತುಮಾಡಿದರು. ನೂರೀನಳ ಹೆಸರು 'ಎಲ್ಲಾ ಇದೆ' ಎಂದವರ ಜೊತೆ ಬಂತು.

"ಅವ್ವಾ, ಎಲ್ಲಾ ಐತಿ ಅಂದೀಯಲ್ಲ, ಎಲ್ಲೈತಿ ತೋರಸು ನಂಗ" ಎಂದು ನೂರೀನ ಫೋನು ಹಿಡಿದು ಪಡಸಾಲೆಯಿಂದ ಅಡುಗೆಮನೆಗೆ, ಅಲ್ಲಿಂದ ನಡುಮನೆಗೆ ಓಡಾಡಿದಳು. "ನೋಡಿಲ್ಲೆ, ಒಂದ ಕಡ್ಡಿನೂ ಬರವಲ್ದು."

"ನಾ ಏನ್ ಹೇಳಬೇಕಿತ್ತು? ನಮ್ಮ ಮನ್ಯಾಗ ಏನೂ ಇಲ್ರಿ ಅಂತ ಗದಗಿನ ಮಾಸ್ತರ ಮುಂದ ಸೆರಗ ಒಡ್ಡಬೇಕಿತ್ತೇನು?"

"ನೆಟ್‌ವರ್ಕ್ ಇಲ್ಲ ಅಂದ್ರ ಮನ್ಯಾಗ ಜ್ವಾಳ ಇಲ್ಲಂತ ಅಲ್ಲವಾ!"

"ಇಲ್ಲ ಅಂದ್ರ ಇಲ್ಲಾನ. ಮಾಸ್ತರು ಎಷ್ಟ ಪ್ರೀತಿಲೆ ಕೇಳಿದ್ರು. ಹಂಗ ಕೇಳಿದವ್ರ ಮುಂದ ಅಳಗೋಂತ ಕುಂಡ್ರಲೇನು?"

"ಈಗ ನಾನ ಫೋನ್ ಹಚ್ಚಿ ಖರೆ ಹೇಳತೇನಿ."

"ಹೇಳು. ನಮ್ಮವ್ವ ಸುಳ್ಳಿ ಅದಾಳ್ರಿ ಅಂತ ಅದನ್ನೂ ಕೂಡಿಸಿ ಹೇಳು."

ನೂರೀನ ಫೋನು ಕೆಳಗಿಟ್ಟಳು. ತಾಯಿಯ ಮಾತು ಹಿಂದಕ್ಕೆ ತೆಗೆದುಕೊಳ್ಳುವುದಕ್ಕಿಂತ ಪಾಠ ಮಾಡುವುದೇ ಸುಲಭ ಎಂದು ಆಗ ಅನ್ನಿಸಿತು.

ಸುಲಭವಾಗಲಿಲ್ಲ. ಅವರದು ಪೇಟೆಯ ಹಿಂದಿನ ಓಣಿಯಲ್ಲಿ ಹಳೆಯ ಮಣ್ಣಿನ ಮನೆ. ಮೊಳಗಟ್ಟಲೆ ದಪ್ಪದ ಗೋಡೆ. ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆ, ಫೋನಿಗೆ ಮಾತ್ರ ಬಾವಿಯ ತಳ ಇದ್ದ ಹಾಗೆ. ನೆಟ್‌ವರ್ಕು ತುಂಬ ಸಿಗುತ್ತಿದ್ದುದು ಮಾಳಿಗೆಯ ಮೇಲೆ. ಆದರೆ ಅಲ್ಲಿ ಗಾಳಿ. ಮುಂಗಾರಿನ ಮೊದಲಲ್ಲಿ ಈ ಸೀಮೆಯಲ್ಲಿ ಬೀಸುವ ಗಾಳಿ ಕಪ್ಪತಗುಡ್ಡದ ಕಡೆ ದೊಡ್ಡ ದೊಡ್ಡ ಗಾಳಿಯಂತ್ರ ತಿರುಗಿಸುವಂಥದು. ಒಂದು ಹುಡುಗಿಯ ದನಿಯನ್ನು ಎತ್ತಿಕೊಂಡು ಹೋಗುವುದು ಅದಕ್ಕೆ ಯಾವ ದೊಡ್ಡ ಮಾತು?

ಮೊದಲ ಸಲ ಪಾಠ ಮಾಡಿದ ದಿನ ಆದದ್ದು ಅದೇ. ನೂರೀನ ಎತ್ತರದ ದನಿಯಲ್ಲಿ "ಮಕ್ಕಳೇ, ಇಂದು ನಾವು ಆಯತದ ವಿಸ್ತೀರ್ಣ ಕಲಿಯೋಣ" ಎಂದಳು. ಮಕ್ಕಳೆಂದರೆ ಅವಳ ಸಹಪಾಠಿಗಳು. ತಂತಮ್ಮ ಊರಿನಲ್ಲಿ ಫೋನು ಹಿಡಿದು ಕೂತು, ಗಡ್ಡ ಮೀಸೆ ಬಂದವರೂ ಆರನೇ ಇಯತ್ತೆಯ ಮಕ್ಕಳ ಹಾಗೆ ಉತ್ತರ ಹೇಳಬೇಕು. ಅವರಿಗೆ ಕೇಳಿಸಿದ್ದು ಬರೀ ಭೋರೆನ್ನುವ ಸದ್ದು.

"ನೂರೀನ, ಎಲ್ಲಿದ್ದೀಯವಾ?" ಎಂದರು ದೇವೇಂದ್ರಪ್ಪ ಸರ್. "ವಿಮಾನದ ರೆಕ್ಕಿ ಮ್ಯಾಲ ಕುಂತಂಗ ಕೇಳಸಾಕತ್ತೈತಿ."

ಎಲ್ಲರೂ ನಕ್ಕರು. ಡಂಬಳದ ಹೊನ್ನೇಶನ ನಗೆ ಎಲ್ಲರಿಗಿಂತ ಜೋರು. ಸರ್ ದನಿಯ ಹಿಂದೆಯೂ ಯಾವಾಗಲೂ ಠಕ್ ಠಕ್ ಎಂಬ ಸದ್ದೊಂದು ಇರುತ್ತಿತ್ತು. ಅವರ ಫೋನು ಹಳೆಯದಿರಬೇಕೆಂದು ಯಾರೂ ಅದರ ಮಾತು ಎತ್ತುತ್ತಿರಲಿಲ್ಲ.

"ನಿಮ್ಮ ಮನ್ಯಾಗ ಎಲ್ಲಾ ಅನುಕೂಲ ಐತಿ ಅಂದಿದ್ರಲ್ಲ ನಿಮ್ಮ ತಾಯ್ಯಾರು?"

"ಹೌದ್ರಿ ಸರ್" ಎಂದಳು ನೂರೀನ. ಬೇರೆ ಏನು ಹೇಳಿಯಾಳು?

"ಶುಕ್ರವಾರ ಇನ್ನೊಮ್ಮೆ ಮಾಡು. ಅದ ಕಡೀ ದಿನ. ಅದು ದಾಟಿತಂದ್ರ ನನ್ನ ಕೈಯಾಗ ಏನೂ ಇರೂದಿಲ್ಲ. ಹೂಂ, ಇವತ್ತಿನ ಕ್ಲಾಸ ಎಲ್ಲಾರಿಗೂ ತಿಳೀತೇನು? ಸಮಾಧಾನ ಆತೇನು?"

ದಿನಾ ಕೇಳುವ ಮಾತು. ದಿನಾ ಬರುವ ಉತ್ತರವೇ ಬಂತು: "ಆತ್ರಿ ಸರ್."

ಕೆಳಗಿಳಿದು ಬಂದ ನೂರೀನ ನೇರ ನಡುಮನೆಯ ಮೂಲೆ ಸೇರಿದಳು. ಅಲ್ಲಿ ಗಾದಿಗಳನ್ನು ನಿಲ್ಲಿಸಿದ್ದರು. ಅವಳ ತಂದೆ ಯಮನೂರಸಾಬ ಪಿಂಜಾರ; ಹತ್ತಿ ಹಿಂಜಿ ಗಾದಿ, ತಲೆದಿಂಬು, ಲೋಡು ಮಾಡುವುದು ಅವರ ಮನೆತನದ ಕಸುಬು. ಆ ವರ್ಷ ಮದುವೆಗಳು ಮುಂದೆ ಹೋದದ್ದರಿಂದ ಶಿಗ್ಲಿಯ ರಾಮಪ್ಪ ಮಗಳಿಗೆಂದು ಮಾಡಿಸಿದ ಎರಡು ದೊಡ್ಡ ಗಾದಿಗಳು ಒಯ್ಯುವವರಿಲ್ಲದೆ ಅಲ್ಲೇ ನಿಂತಿದ್ದವು. ಕೆಂಪು ಹೂವಿನ ಬಟ್ಟೆ, ಹೊಸ ಹತ್ತಿ, ಮೇಲೆ ಧೂಳು ಬೀಳದಂತೆ ಹಳೆಯ ಸೀರೆ ಹೊದಿಸಿತ್ತು. ಮದುವೆ ಗಾದಿಯ ಮೇಲೆ ಮದುಮಕ್ಕಳಿಗಿಂತ ಮೊದಲು ಯಾರೂ ಕೂರುವ ಹಾಗಿಲ್ಲ, ಮಲಗುವ ಹಾಗಂತೂ ಇಲ್ಲವೇ ಇಲ್ಲ. ನೂರೀನ ಚಿಕ್ಕಂದಿನಿಂದಲೂ ಗಾದಿಗಳ ನಡುವೆ ಬೆಳೆದು ಬರೀ ಚಾಪೆಯ ಮೇಲೆ ಕೂತವಳು. ಈಗಲೂ ಆ ಎರಡು ಗಾದಿಗಳ ಹಿಂದೆ ನೆಲದ ಮೇಲೆ ಕೂತು ಅತ್ತಳು.

ರಹಿಮತಬಿ ಊಟಕ್ಕೆ ಕರೆದಳು. ಮತ್ತೆ ಕರೆದಳು. ಕೊನೆಗೆ ಸಿಟ್ಟಾಗಿ ಬಂದು ಗಾದಿ ಸರಿಸಿದಳು. "ಆವಾಗಿಂದ ಒದರಾಕತ್ತೇನಿ, ಕಿವ್ಯಾಗ ಹತ್ತಿ ಇಟಗೊಂಡಿಯೇನ?"

"ನಂಗ ಕೇಳಿಸೇ ಇಲ್ಲಬೇ."

ಪಡಸಾಲೆಯಲ್ಲಿ ದಬ್ಬಣಕ್ಕೆ ದಾರ ಪೋಣಿಸುತ್ತಿದ್ದ ಯಮನೂರಸಾಬ ತಲೆ ಎತ್ತಿದ. ಮಗಳು ಅತ್ತದ್ದು ಅವನಿಗೂ ಕೇಳಿಸಿರಲಿಲ್ಲ. ಸ್ವಲ್ಪ ಹೊತ್ತು ಗಾದಿ ನೋಡಿದ, ಮೇಲೆ ಮಾಳಿಗೆಯ ಬೆಳಕಿಂಡಿ ನೋಡಿದ.

"ಇವನ್ನ ಮ್ಯಾಲ ಒಯ್ದು ಗಾಳಿ ಬರೂ ಕಡೆ ನಿಲ್ಲಿಸಿದ್ರ?"

"ಬುದ್ಧಿ ನೆಟ್ಟಗ ಐತಿಲ್ಲೋ?" ಎಂದಳು ರಹಿಮತಬಿ. "ಮದಿವಿ ಗಾದಿ ಅವು. ರಾಮಪ್ಪಣ್ಣ ಏನಂದಾನು?"

"ಕುಂಡ್ರಬಾರದು, ಮಲಗಬಾರದು ಅಂತಾರ. ನಿಲ್ಲಿಸಬಾರದು ಅಂತ ಯಾರ ಹೇಳ್ಯಾರ? ಇಲ್ಲೂ ನಿಂತs ಅದಾವಲ್ಲ."

"ಈ ವಕೀಲಿ ಅವನ ಮುಂದ ನಡಸು, ನೋಡತೇನಿ. ಮಳಿ ಬಂದ್ರ?"

"ತಾಡಪತ್ರಿ ಐತಿ. ಮತ್ತ ರಾಮಪ್ಪ ಶಿಗ್ಲ್ಯಾಗ ಅದಾನ. ಲಾಕ್‌ಡೌನ್ ಐತಿ. ಹೆಂಗ ಬರತಾನ ಅವ?"

ಮರುದಿನ ತಂದೆ ಮಗಳು ಸೇರಿ ಗಾದಿಗಳನ್ನು ಮಾಳಿಗೆಗೆ ಹೊತ್ತರು. ಪಡುವಣದ ಗಾಳಿಗೆ ಎದುರಾಗಿ ರಾಮಪ್ಪನ ಎರಡು ದಪ್ಪ ಗಾದಿ, ಎಡಕ್ಕೂ ಬಲಕ್ಕೂ ಮನೆಯ ಹಳೆಯ ಗಾದಿ, ಮೇಲೆ ಕೌದಿ, ಅದರ ಮೇಲೆ ತಾಡಪತ್ರಿ. ಬಿದಿರಿನ ಕೋಲು ನಿಲ್ಲಿಸಿ ದಾರದಿಂದ ಬಿಗಿದರು. ಕೆಳಗೆ ಒಂದು ಗೋಣಿಚೀಲ ಹಾಸಿ ನೂರೀನ ಒಳಗೆ ಕೂತಳು. ಒಳಗೆ ಬೆಂದು ಹೋಗುವಂಥ ಸೆಕೆ. ಆದರೆ ಸದ್ದು? ಯಾರೋ ಬಾಗಿಲು ಹಾಕಿದ ಹಾಗೆ ಗಾಳಿ ಹೊರಗೇ ನಿಂತಿತು. ದನಿ ಹೇಗೆ ಕೇಳುತ್ತದೆ ನೋಡೋಣವೆಂದು ಹೊನ್ನೇಶನಿಗೆ ಫೋನು ಹಚ್ಚಿದಳು.

"ಲೇ ನೂರೀನ, ಯಾವ ಬಂಗ್ಲೆದಾಗ ಅದಿ? ರೇಡಿಯೋ ಕೇಳಿದಂಗ ಕೇಳಸಾಕತ್ತೈತಿ."

"ನಮ್ಮ ಮನ್ಯಾಗs."

"ನಿಂದೇನ್ಬಿಡು, ಎಲ್ಲಾ ಅನುಕೂಲ ಐತಿ" ಎಂದ ಹೊನ್ನೇಶ. ಅವನ ದನಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚು ಇತ್ತು.

ಶುಕ್ರವಾರ ಬೆಳಿಗ್ಗೆ ನೂರೀನ ದೊಡ್ಡ ಹಾಳೆಯಲ್ಲಿ ಬಣ್ಣದ ಚೌಕಗಳನ್ನು ಬರೆದ ತಕ್ತೆ ಹಿಡಿದು ಗಾದಿ ಗೋಡೆಯೊಳಗೆ ಸೇರಿದಳು. ಪಾಠದ ಜೀವವೆಲ್ಲ ಆ ತಕ್ತೆಯಲ್ಲಿತ್ತು. ಸುತ್ತಳತೆ ಬೇರೆ, ವಿಸ್ತೀರ್ಣ ಬೇರೆ ಎಂದು ಅದನ್ನು ತೋರಿಸಿಯೇ ಹೇಳಬೇಕಿತ್ತು.

ಅವಳು ಮೇಲೆ ಪಾಠ ಶುರು ಮಾಡುವುದಕ್ಕೂ ಕೆಳಗೆ ಓಣಿಯಲ್ಲಿ ಒಂದು ಟಂಟಂ ಆಟೋ ಬಂದು ನಿಲ್ಲುವುದಕ್ಕೂ ಸರಿಯಾಯಿತು. ಇಳಿದವನು ಶಿಗ್ಲಿಯ ರಾಮಪ್ಪ.

"ಯಮನೂರಣ್ಣಾ, ಗಾದಿ ಕೊಡು ಜಲ್ದಿ. ನಾಡದು ಮನಿ ಮುಂದs ಅಕ್ಕಿಕಾಳ ಹಾಕಿ ಮದಿವಿ ಮುಗಿಸಿಬಿಡೂದು ಅಂತ ಗೊತ್ತಾತು. ನಮ್ಮ ಮಂದಿ ಒಂದೀಟು, ಅವ್ರ ಮಂದಿ ಒಂದೀಟು. ಸಂತಿಗಂತ ಲಾಕ್‌ಡೌನ್ ಸಡಿಲ ಬಿಟ್ಟ ಹೊತ್ತಿನ್ಯಾಗ ಊರ ಮುಟ್ಟಬೇಕು, ಇಲ್ಲಂದ್ರ ಪೊಲೀಸ್ರು ಟಂಟಂ ಹಿಡೀತಾರ."

ಯಮನೂರಸಾಬ ಮಾಳಿಗೆಯ ಕಡೆ ನೋಡಿದ. "ಬಾ, ಕುಂಡ್ರು. ಚಹಾ ಕುಡಿ."

"ಚಹಾ ಆಗೈತಿ."

"ನಮ್ಮ ಮನ್ಯಾಗ ಆಗಿಲ್ಲಲ್ಲ" ಎಂದಳು ರಹಿಮತಬಿ. ಲೋಟ ತಂದಳು. ಅದು ಖಾಲಿಯಾಗುವುದರೊಳಗೆ ಇನ್ನೊಂದು ತಂದಳು. ಆಮೇಲೆ ಚೂಡಾ ತಂದಳು. ಮಗಳು ಸೌಂದರ್ಯಾ ಹೇಗಿದ್ದಾಳೆ, ಗಂಡಿನವರು ಯಾವ ಊರವರು, ಬಾಂಡೆ ಸಾಮಾನು ತಂದದ್ದಾಯಿತೇ ಎಂದು ಒಂದರ ಹಿಂದೊಂದು ಕೇಳಿದಳು. ರಾಮಪ್ಪ ಬಡವನಾದರೂ ದಡ್ಡನಲ್ಲ. ಚೂಡಾದ ತಾಟು ಪಕ್ಕಕ್ಕೆ ಸರಿಸಿದ.

"ತಂಗಿ, ನೀ ಇಷ್ಟ ಮಾತಾಡಾಕಿ ಅಲ್ಲ. ಗಾದಿ ಎಲ್ಲದಾವ?"

"ಮ್ಯಾಲ" ಎಂದ ಯಮನೂರಸಾಬ.

"ಮ್ಯಾಲ ಯಾಕ?"

"ಗಾಳಿಗೆ ನಿಲ್ಲಸೇವಿ."

"ಮಾಡ ಕಟ್ಟೇತಿ, ಯಾವ ಹೊತ್ತಿನ್ಯಾಗ ಮಳಿ ಬರತೈತೋ! ಮದಿವಿ ಗಾದಿ ಗಾಳಿಗೆ ನಿಲ್ಲಸತಾರ ಯಾರರ?" ರಾಮಪ್ಪ ಧೋತರ ಎತ್ತಿ ಕಟ್ಟಿ ಏಣಿ ಹತ್ತಿಯೇ ಬಿಟ್ಟ. ಯಮನೂರಸಾಬ ಹಿಂದೆಯೇ ಓಡಿದ.

ಮಾಳಿಗೆಯ ಮೇಲೆ ತನ್ನ ಮಗಳ ಗಾದಿ ಕೋಲಿಗೆ ಬಿಗಿಸಿಕೊಂಡು ಗೋಡೆಯಾಗಿ ನಿಂತದ್ದನ್ನು ರಾಮಪ್ಪ ಕಂಡ. ಯಾರಾದರೂ ಕೂತಿದ್ದಾರೋ, ಹೊಲಸಾಗಿದೆಯೋ ನೋಡಬೇಕೆಂದು ಸಿಟ್ಟಿನಿಂದ ಗಾದಿಯ ಅಂಚು ಹಿಡಿದು ಜಗ್ಗಿದ. ದಾರ ಹರಿದುಹೋಯಿತು. ಗಾದಿ ಪಕ್ಕಕ್ಕೆ ಸರಿಯಿತು. ಅಷ್ಟೇ ಬೇಕಿತ್ತು ಗಾಳಿಗೆ. ಒಳಗೆ ನುಗ್ಗಿ ನೂರೀನಳ ಕೈಯಲ್ಲಿದ್ದ ಬಣ್ಣದ ತಕ್ತೆಯನ್ನು ಕಿತ್ತುಕೊಂಡು, ಮಾಳಿಗೆ ದಾಟಿಸಿ, ಪೇಟೆಯ ಕಡೆ ಹಾರಿಸಿಕೊಂಡು ಹೋಯಿತು.

ನೂರೀನ ತಿರುಗಿ ನೋಡಿದಳು. ಬೆವರಿನಿಂದ ಕೂದಲು ಹಣೆಗೆ ಅಂಟಿತ್ತು. ಸುತ್ತ ಅಷ್ಟು ಮೆತ್ತನೆಯ ಗಾದಿಗಳಿದ್ದರೂ ಹುಡುಗಿ ಗೋಣಿಚೀಲದ ಮೇಲೆ ಮಂಡಿ ಮಡಚಿ ಕೂತಿದ್ದನ್ನು ರಾಮಪ್ಪ ಕಂಡ. ಎದುರಿನ ಇಟ್ಟಿಗೆಯ ಮೇಲೆ ನಿಲ್ಲಿಸಿದ ಫೋನಿನಿಂದ "ನೂರೀನ? ನೂರೀನ, ದನಿ ಹೋತಲ್ಲವಾ" ಎಂಬ ಮಾತು ಕೇಳುತ್ತಿತ್ತು. ಅವಳು ರಾಮಪ್ಪನ ಕಡೆ ಎರಡೂ ಕೈ ಜೋಡಿಸಿದಳು, ಅಷ್ಟೇ.

ರಾಮಪ್ಪ ಯಮನೂರಸಾಬನ ಕಡೆ ತಿರುಗಿ ಪಿಸುಗುಟ್ಟಿದ. "ಏನಿದು?"

"ಪರೀಕ್ಷೆ. ಕಡೀ ದಿನ. ಇವತ್ತ ಆಗಲಿಲ್ಲಂದ್ರ ಒಂದ ವರ್ಷ ಹೋತು."

ರಾಮಪ್ಪ ಗಾದಿಯನ್ನು ಮತ್ತೆ ಅದರ ಜಾಗಕ್ಕೆ ನೂಕಿದ. ಬಿಗಿಯಲು ದಾರ ಇರಲಿಲ್ಲ. ಎರಡೂ ಕೈಯಿಂದ ಗಾದಿಯನ್ನು ಅದುಮಿ ಹಿಡಿದು, ಗಾಳಿಗೆ ಬೆನ್ನು ಕೊಟ್ಟು ನಿಂತುಬಿಟ್ಟ. ಒಳಗೆ ಮತ್ತೆ ಸದ್ದಡಗಿತು.

ನೂರೀನಳಿಗೆ ಮುಂದೇನು ಮಾಡಬೇಕೆಂದು ತೋಚಲಿಲ್ಲ. ತಕ್ತೆ ಹೋಗಿತ್ತು. ಎದುರಿಗೆ ಇದ್ದದ್ದು ಗಾದಿ. ಹತ್ತಿ ಒಂದು ಕಡೆ ಗುಡ್ಡೆಯಾಗದ ಹಾಗೆ ಯಮನೂರಸಾಬ ಉದ್ದಕ್ಕೂ ಅಡ್ಡಕ್ಕೂ ದಾರದ ಸಾಲು ಹೊಡೆದಿದ್ದ. ಸಾಲುಗಳ ನಡುವೆ ಹತ್ತಿ ಉಬ್ಬಿ, ಗಾದಿಯ ತುಂಬ ಚೌಕಗಳು ಎದ್ದು ನಿಂತಿದ್ದವು. ಎಷ್ಟೋ ವರ್ಷದಿಂದ ನೋಡುತ್ತಿದ್ದ ಚೌಕಗಳು.

ಫೋನು ಎತ್ತಿ ಗಾದಿಯ ಕಡೆ ಹಿಡಿದಳು.

"ಮಕ್ಕಳೇ, ಇದು ಏನು?"

ಆ ಕಡೆಯಿಂದ ಹೊನ್ನೇಶ ಆರನೇ ಇಯತ್ತೆಯ ಹುಡುಗನ ದನಿ ಮಾಡಿ, "ಗಾದಿ ಐತ್ರಿ ಟೀಚರ್" ಎಂದ.

"ಸರಿ. ಈ ಗಾದಿಯ ಅಂಚಿಗೆ ಸುತ್ತ ಒಂದು ಹೊಲಿಗೆ ಹಾಕಬೇಕು. ನನ್ನ ಬೆರಳು ಎಲ್ಲಿ ಹೋಗುತ್ತದೆ ನೋಡಿ." ಅಂಚಿನ ಗುಂಟ ಬೆರಳು ಆಡಿಸುತ್ತ ಹೋದಳು. "ಹೊರಟಲ್ಲಿಗೇ ಬಂದೆ. ಇಷ್ಟು ಉದ್ದದ ದಾರ ಬೇಕು. ಇದು ಸುತ್ತಳತೆ. ಈಗ ಗಾದಿಯ ಮೈಗೆ ಬಟ್ಟೆ ಹಾಕಬೇಕು. ಬಟ್ಟೆ ಎಷ್ಟು ಬೇಕೆಂದು ಅಂಚು ನೋಡಿದರೆ ಗೊತ್ತಾಗುತ್ತದೆಯೇ?"

"ಟೀಚರ್, ಎರಡೂ ಒಂದs ಅಲ್ರೀ?" ಎಂದ ಹೊನ್ನೇಶ. ದಡ್ಡ ಹುಡುಗನ ಪಾರ್ಟು ಅವನಿಗೆ ಚೆನ್ನಾಗಿ ಹೊಂದುತ್ತಿತ್ತು.

"ಒಂದೇ ಆದರೆ, ಹೊನ್ನೇಶ, ನಿನ್ನ ಗಾದಿಗೆ ಬರೀ ದಾರ ಕೊಡುತ್ತೇನೆ. ಅದರ ಮೇಲೆ ಮಲಗಿಕೋ."

ಎಲ್ಲರೂ ನಕ್ಕರು. ಈ ಸಲ ನಗೆ ಅವಳ ಕಡೆಗಿತ್ತು. ಅಡ್ಡಸಾಲಿನಲ್ಲಿ ಎಷ್ಟು ಚೌಕ ಎಂದು ಎಣಿಸಲು ಹೇಳಿದಳು. ಐದು. ಅಂಥ ಸಾಲು ಎಷ್ಟು? ಎಂಟು. ಒಂದೊಂದೇ ಎಣಿಸಬೇಕೇ, ಬೇರೆ ದಾರಿ ಇದೆಯೇ? "ಗುಣಸಬೇಕ್ರಿ" ಎಂದು ಎಲ್ಲಿಂದಲೋ ಒಂದು ಹುಡುಗಿಯ ದನಿ. ಹೊರಗೆ ಗಾದಿ ಹಿಡಿದು ನಿಂತಿದ್ದ ರಾಮಪ್ಪ, ತನ್ನ ಮಗಳ ಗಾದಿಯಲ್ಲಿ ಒಟ್ಟು ಎಷ್ಟು ಚೌಕ ಇವೆ ಎಂಬುದು ಹೊರಬೀಳುವ ಮೊದಲೇ ತುಟಿಯಲ್ಲಿ ನಲವತ್ತು ಎಂದುಕೊಂಡ. ಯಮನೂರಸಾಬನೂ ಗಾದಿಯ ಇನ್ನೊಂದು ತುದಿ ಹಿಡಿದ.

ಪಾಠ ಮುಗಿಯಿತು. ದೇವೇಂದ್ರಪ್ಪ ಸರ್ ಅಂಕ ಬರೆದುಕೊಂಡರು. ಅವರ ಕಡೆಯಿಂದ ಠಕ್ ಠಕ್ ಮಾತ್ರ ಕೇಳುತ್ತಿತ್ತು.

"ಆತವಾ. ಅಂಕ ಹಾಕೀನಿ, ಕಾಳಜಿ ಬ್ಯಾಡ, ಪಾಸಾದಿ. ಮಕ್ಕಳಿಗೆ ತಿಳೀತೋ ಇಲ್ಲೋ ಅಂತ ಕಡೀ ಪ್ರಶ್ನೆ ಕೇಳಬೇಕಿತ್ತು, ಮರತಿ. ಅದೊಂದಕ್ಕ ಎರಡು ಅಂಕ ಕಡಿಮಿ. ಖರೆ, ಆ ಗಾದಿ ಉಪಕರಣ ಚಲೋ ಆತು. ಮದಲs ಯೋಚನಿ ಮಾಡಿದ್ದೇನು?"

ನೂರೀನ 'ಹೌದ್ರಿ ಸರ್' ಎಂದು ಬಿಟ್ಟರೆ ಆಗಿಹೋಗುತ್ತಿತ್ತು. ನಾಲಿಗೆಯ ತುದಿಗೆ ಅದೇ ಬಂದಿತ್ತು. ಗಾದಿಯ ಆಚೆಯಿಂದ ರಾಮಪ್ಪ ಏದುಸಿರು ಬಿಡುವುದು ಕೇಳಿಸಿತು.

"ಇಲ್ರಿ ಸರ್. ತಕ್ತೆ ಹಾರಿಹೋತ್ರಿ. ನಮ್ಮ ಮನ್ಯಾಗ ನೆಟ್‌ವರ್ಕ್ ಬರೂದಿಲ್ರಿ. ಮಾಳಿಗಿ ಮ್ಯಾಲ ಗಾಳಿ ಭಾಳ. ಅದಕ್ಕ ಮಂದಿ ಮದಿವಿ ಗಾದಿ ತಂದು ಗೋಡಿ ಕಟ್ಟೇವ್ರಿ. ಆ ಗಾದಿ ಯಜಮಾನ್ರು ಈಗ ಹೊರಗ ಗಾದಿ ಹಿಡಕೊಂಡು ನಿಂತಾರ್ರಿ. ಅನುಕೂಲ ಐತಿ ಅಂದದ್ದು ಖರೆ ಅಲ್ರಿ. ನಮ್ಮವ್ವಂದು ತಪ್ಪಿಲ್ರಿ, ನೀವು ಆರಾಮ ಅದೀರೇನು ಅಂತ ಕೇಳಿದ್ರಿ, ಅಕಿ ಆರಾಮ ಅಂದ್ಲು."

ಸರ್ ಬೈಯುತ್ತಾರೆಂದು ನೂರೀನ ಕಣ್ಣು ಮುಚ್ಚಿದಳು.

"ಸರ್" ಎಂದಿತು ಹೊನ್ನೇಶನ ದನಿ. ಆರನೇ ಇಯತ್ತೆಯ ಹುಡುಗನದಲ್ಲ, ಅವನದೇ. "ನಾ ದಿನಾ ಡಂಬಳದ ಕೆರಿ ಏರಿ ಮ್ಯಾಲ ಕುಂತು ಕ್ಲಾಸ ಕೇಳತೇನ್ರಿ. ಮನ್ಯಾಗ ಏನೂ ಬರೂದಿಲ್ರಿ. ನಾನೂ ಎಲ್ಲಾ ಐತ್ರಿ ಅಂದಿದ್ದೆ."

"ನಾ ನಮ್ಮ ಕಾಕಾನ ಟ್ರ್ಯಾಕ್ಟರ್ ಡಬ್ಬಿಯೊಳಗ್ರಿ ಸರ್" ಎಂದಳು ಶಿರಹಟ್ಟಿಯ ಜಾಸ್ಮಿನ.

"ನಂದು ಫೋನs ಅಲ್ರಿ, ಅಣ್ಣಂದು. ಅವ ಹೊಲಕ್ಕ ಹೋದ್ರ ಕ್ಲಾಸ ಇಲ್ರಿ" ಎಂದ ಮುಂಡರಗಿಯ ತಾರೀಖ.

ಒಬ್ಬರಾದ ಮೇಲೆ ಒಬ್ಬರು ಹೇಳುತ್ತ ಹೋದರು. ದಿನಾ 'ಆತ್ರಿ ಸರ್' ಎಂದ ಅವೇ ದನಿಗಳು.

"ಹಂಗಾದ್ರ ಎಲ್ಲಾರೂ ಐತಿ ಐತಿ ಅಂದದ್ದು ಯಾಕ್ರೋ?" ಎಂದರು ಸರ್.

"ನೀವು ಅಷ್ಟ ಪ್ರೀತಿಲೆ ಕೇಳಿದ್ರಿ ಸರ್" ಎಂದ ಹೊನ್ನೇಶ. "ಅದಕ್ಕ ಬ್ಯಾರೆ ಜವಾಬು ನಮ್ಮ ಕಡೆ ಇಲ್ರಿ."

ಸರ್ ನಕ್ಕರು. ಇಷ್ಟು ದಿನದಲ್ಲಿ ಅವರು ಹಾಗೆ ನಕ್ಕದ್ದನ್ನು ಯಾರೂ ಕೇಳಿರಲಿಲ್ಲ. "ಈ ಠಕ್ ಠಕ್ ಕೇಳಸತೈತಿಲ್ಲೋ ನಿಮಗ? ನನ್ನ ಫೋನಿಂದಲ್ಲ. ಬೆಟಗೇರ್ಯಾಗ ನಮ್ಮ ಬಾಜೂ ಮನಿ ಮಗ್ಗ. ಹೊತ್ತೇರಿದ್ರ ಶುರು. ನಿಮಗ ಮನ್ಯಾಗ ಅನುಕೂಲ ಐತೇನು ಅಂತ ಪ್ರಿನ್ಸಿಪಾಲ್ರು ನನ್ನೂ ಕೇಳಿದ್ರು. ನಾನೂ ಎಲ್ಲಾ ಐತ್ರಿ ಅಂದಿದ್ದೆ." ಆಮೇಲೆ ದನಿ ಸರಿಮಾಡಿಕೊಂಡು ಹೇಳಿದರು: "ಪಾಠ ಆಗದವ್ರು ಯಾರೂ ಹೆದರಬ್ಯಾಡ್ರಿ. ಇದನ್ನ ಇದ್ದದ್ದಿದ್ದಂಗ ಪ್ರಿನ್ಸಿಪಾಲ್ರಿಗೆ ಹೇಳಿ, ಕಾಲೇಜು ತೆಗದ ಮ್ಯಾಲ ಮಾಡಸೂಣು. ಅವ್ರು ಒಪ್ಪತಾರೋ ಇಲ್ಲೋ ಗೊತ್ತಿಲ್ಲ, ಆದ್ರ ನಾ ಕೇಳೂದ ಬಿಡೂದಿಲ್ಲ. ಮದಲ ನಿಮ್ಮ ನಿಮ್ಮ ಮನಿಗೆ ಮತ್ತ ಫೋನ್ ಹಚ್ಚತೇನಿ. ಈ ಸಲ ಖರೆ ಹೇಳಬೇಕು."

ಫೋನು ಬಂದಾದ ಮೇಲೆ ರಾಮಪ್ಪ ಗಾದಿ ಬಿಟ್ಟು ಕೈ ಝಾಡಿಸಿದ. ನೂರೀನ ಹೊರಗೆ ಬಂದು ತಲೆ ತಗ್ಗಿಸಿ ನಿಂತಳು.

"ಕಾಕಾ, ತಪ್ಪಾತ್ರಿ. ಗಾದಿ ಮ್ಯಾಲ ಯಾರೂ ಕುಂತಿಲ್ರಿ. ನಾ ಗೋಣಿಚೀಲದ ಮ್ಯಾಲs ಇದ್ದೆ."

"ನೋಡಿನಿ ಬಿಡು" ಎಂದ ರಾಮಪ್ಪ. ಗಾದಿಯ ಬೆನ್ನಿನ ಧೂಳು ಕೈಯಿಂದ ತಟ್ಟಿದ. ಸಿಟ್ಟು ಪೂರ್ತಿ ಹೋಗಿರಲಿಲ್ಲ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಯಮನೂರಸಾಬನ ಕಡೆ ತಿರುಗಿದ. "ಗಾಳಿಗೆ ನಿಲ್ಲಸೇನಿ ಅಂದಿಯಲ್ಲೋ ಮಾರಾಯ, ಎಂಥಾ ಮಂದಿ ನೀವು! ನಂಗೊಂದ ಮಾತ ಹೇಳಿದ್ರ ನಾ ಬ್ಯಾಡ ಅಂತಿದ್ನೇನು?"

"ಅಂತಿದ್ದಿ" ಎಂದ ಯಮನೂರಸಾಬ.

ರಾಮಪ್ಪ ಯೋಚಿಸಿದ. "ಹೂಂ. ಅಂತಿದ್ದೆ."

ಅಷ್ಟರಲ್ಲಿ ಹನಿ ಬಿತ್ತು. ಮೂವರೂ ಸೇರಿ ಗಾದಿಗಳನ್ನು ಧಡಧಡ ಕೆಳಗಿಳಿಸಿದರು. ಟಂಟಂನಲ್ಲಿ ಹಾಕಿ ತಾಡಪತ್ರಿ ಹೊದಿಸುವಾಗ ರಾಮಪ್ಪ ಮೆಲ್ಲಗೆ ಹೇಳಿದ. "ನಮ್ಮ ಸೌಂದರ್ಯಾನೂ ಬಿ.ಎ. ಕಡೀ ವರ್ಷದಾಗ ಅದಾಳ. ಮದಿವಿ ಆದ್ರೂ ಓದಸತೇವಿ ಅಂತ ಬೀಗರು ಮಾತ ಕೊಟ್ಟಾರ. ಮನ್ಯಾಗ ಎಲ್ಲಾ ಅನುಕೂಲ ಐತಿ, ಏನೂ ಕಡಿಮಿ ಇಲ್ಲ ಅಂದ್ರು."

ಬಾಗಿಲಲ್ಲಿ ನಿಂತಿದ್ದ ರಹಿಮತಬಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಅಣ್ಣಾ, ಅವ್ರನ್ನ ಮತ್ತ ಕೇಳಬ್ಯಾಡ. ಕೇಳಿದ್ರ ಮತ್ತ ಅದನ್ನs ಅಂತಾರ. ನೀನs ಹೋಗಿ ಅವ್ರ ಮನಿ ಒಳಗ ನಿಂತು ಫೋನ್ ಹಚ್ಚಿ ನೋಡು."

ರಾಮಪ್ಪ ಅವಳ ಮುಖ ನೋಡಿದ. ಟಂಟಂ ಹತ್ತಿ ಕೂತ. ಮತ್ತೆ ಕೆಳಗಿಳಿದ.

"ಯಮನೂರಣ್ಣಾ, ಇನ್ನೊಂದ ಗಾದಿ ಹೊಲಿ. ಹಳೇ ಹತ್ತಿ ನಡೀತೈತಿ, ದಪ್ಪ ಇರಲಿ. ಚೌಕ ದೊಡ್ಡದು ದೊಡ್ಡದು ಹಾಕು."

"ಮಲಗಾಕೇನು?"

"ಅಲ್ಲ. ನಿಲ್ಲಸಾಕ."

ಟಂಟಂ ಹೋಯಿತು. ಮಳೆ ಜೋರಾಯಿತು. ಯಮನೂರಸಾಬ ಮೂಲೆಯಲ್ಲಿದ್ದ ಹಳೆಯ ಹತ್ತಿ ಎಳೆದುಕೊಂಡು ಕೂತ. ಎಷ್ಟೋ ದಿನಗಳ ಮೇಲೆ ಬಂದ ಕೆಲಸ.

ಸಂಜೆ ಮಳೆ ನಿಂತ ಮೇಲೆ ನೂರೀನ ಫೋನು ಹಿಡಿದು ಮಾಳಿಗೆ ಹತ್ತಿದ್ದಳು. ಅದು ರಿಂಗಾದ ಕೂಡಲೇ ಏಣಿಯ ಬುಡಕ್ಕೆ ಬಗ್ಗಿ, "ಅವ್ವಾ, ದೇವೇಂದ್ರಪ್ಪ ಸರ್. ನಿನ್ನs ಕೇಳಾಕತ್ತಾರ" ಎಂದಳು.

ರಹಿಮತಬಿ ಏಣಿ ಹತ್ತಿ ಬಂದು ಫೋನು ಕಿವಿಗಿಟ್ಟಳು.

"ನಮಸ್ಕಾರ್ರಿ. ಆರಾಮ ಅದೀರಿ?"

"ಆರಾಮ ಅದೇವ್ರಿ ಸಾಹೇಬ್ರ" ಎಂದಳು ರಹಿಮತಬಿ. ಅದನ್ನು ಬಿಡಲು ಅವಳಿಂದ ಆಗಲಿಲ್ಲ. ಆದರೆ ಅಲ್ಲಿಗೇ ನಿಲ್ಲಿಸಲಿಲ್ಲ. "ನಿಮ್ಮ ಮನ್ಯಾಗ ಚಹಾ ಐತೇನ್ರಿ?"

"ಐತ್ರಿ. ಯಾಕ್ರಿ?"

"ಒಂದ ಲೋಟ ಹಿಡಕೊಂಡು ಕುಂಡ್ರಿ. ಈಗ ಏನೇನ ಕಡಿಮಿ ಐತಿ ಅಂತ ಹೇಳತೇನಿ."